ಪೀಟರ್ಸನ್ ಥರ ಆಡುವ ಮಗ, ಎಡಗೈ ಸ್ಪಿನ್ ಮತ್ತು ದ್ರಾವಿಡ್ ಬರೆದ ಇಮೇಲ್

ಪ್ರಶ್ನೆ: ನನ್ನ ಮಗನಿಗೆ 16 ವರ್ಷ, ಆರಡಿ ಎತ್ತರ, ಬಲಗೈ ಬ್ಯಾಟ್ಸ್‌ಮನ್. ಇಂಗ್ಲೆಂಡಿನ ಮಾಜಿ ಆಟಗಾರ ಕೆವಿನ್ ಪೀಟರ್ಸನ್ ಅವರ ಹಳೆಯ ವಿಡಿಯೊಗಳನ್ನು ನೋಡಿ ನೋಡಿ ಅವರ ಹಾಗೆಯೇ ಆಡುತ್ತಾನೆ. ವೇಗದ ಬೌಲರ್‌ಗಳ ಎದುರು ತೊಂದರೆಯಿಲ್ಲ. ಎಡಗೈ ಸ್ಪಿನ್ನರ್ ಬಂದರೆ ಮಾತ್ರ ಕಥೆ ಮುಗಿದ ಹಾಗೆಯೇ. ಈ ಸಲ ಆಡಿದ ಒಂಬತ್ತು ಪಂದ್ಯಗಳಲ್ಲಿ ಆರು ಸಲ ಎಡಗೈ ಸ್ಪಿನ್ನರ್‌ಗೇ ಔಟಾಗಿದ್ದಾನೆ: ಮೂರು ಎಲ್‌ಬಿಡಬ್ಲ್ಯು, ಒಂದು ಬೌಲ್ಡ್, ಇನ್ನೆರಡು ಸ್ವಿಚ್ ಹಿಟ್ (ಕೊನೆ ಗಳಿಗೆಯಲ್ಲಿ ಎಡಗೈ ಬ್ಯಾಟ್ಸ್‌ಮನ್ ಆಗಿ ತಿರುಗಿ ಹೊಡೆಯುವುದು) ಹೊಡೆಯಲು ಹೋಗಿ ಕ್ಯಾಚ್. 'ಪೀಟರ್ಸನ್ ಕೂಡ ಎಡಗೈ ಸ್ಪಿನ್‌ಗೆ ಸಿಕ್ಕಿಬಿದ್ದೇ ಹಾಳಾಗಿದ್ದು. ಅಹಂಕಾರ, ಹೇಳಿದ್ದು ಕೇಳುತ್ತಿರಲಿಲ್ಲ. ಇವನೂ ಹಾಗೇ ಆಗುತ್ತಾನೆ' ಅಂತ ಕೋಚ್ ಎಲ್ಲರ ಮುಂದೆ ಬೈಯುತ್ತಾರೆ. ದ್ರಾವಿಡ್ ಒಂದು ಇಮೇಲ್ ಬರೆದು ಪೀಟರ್ಸನ್ ಅವರನ್ನು ಸರಿ ಮಾಡಿದರಂತೆ, ಅದನ್ನು ಓದಿದರೆ ಸಾಕು ಅಂತ ಮಗನ ವಾದ. ಯಾರ ಮಾತು ನಿಜ? ಅವನ ಆಟವನ್ನೇ ಬದಲಿಸಬೇಕೇ? — ದಾವಣಗೆರೆಯ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರದಲ್ಲಿ ಉತ್ತರದ ಅರ್ಧ ಭಾಗ ಆಗಲೇ ಇದೆ. ಆರು ಔಟುಗಳನ್ನು ನೀವು ಬಿಡಿಬಿಡಿಯಾಗಿ ಬರೆದಿದ್ದೀರಿ. ಮೂರು ಎಲ್‌ಬಿಡಬ್ಲ್ಯು ಮತ್ತು ಒಂದು ಬೌಲ್ಡ್, ಈ ನಾಲ್ಕೂ ಮುಂಗಾಲಿನ ತಪ್ಪು. ಎರಡು ಕ್ಯಾಚ್‌ಗಳು ತೀರ್ಮಾನದ ತಪ್ಪು. ಒಂದೇ ಥರದ ಬೌಲರ್‌ಗೆ ಬಿದ್ದ ವಿಕೆಟ್‌ಗಳಾದರೂ ಎರಡಕ್ಕೂ ಔಷಧ ಬೇರೆ. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ 'ಅಹಂಕಾರ' ಅಂದುಬಿಟ್ಟರೆ ಹುಡುಗನಿಗೆ ಏನನ್ನು ತಿದ್ದಿಕೊಳ್ಳಬೇಕು ಅನ್ನುವುದೇ ಗೊತ್ತಾಗುವುದಿಲ್ಲ.

ಪೀಟರ್ಸನ್ ಅವರ ವಿಷಯದಲ್ಲೂ ಇದೇ ಗೊಂದಲ ನಡೆದಿತ್ತು. 2008ರ ಆಗಸ್ಟ್‌ನಲ್ಲಿ ಎಜ್‌ಬಾಸ್ಟನ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 94 ರನ್ ಗಳಿಸಿದ್ದಾಗ ಎಡಗೈ ಸ್ಪಿನ್ನರ್ ಪಾಲ್ ಹ್ಯಾರಿಸ್‌ಗೆ ಸಿಕ್ಸರ್ ಎತ್ತಲು ಹೋಗಿ ಲಾಂಗ್ ಆನ್‌ನಲ್ಲಿ ಕ್ಯಾಚ್ ಕೊಟ್ಟರು. 2009ರ ಫೆಬ್ರುವರಿಯಲ್ಲಿ ಕಿಂಗ್‌ಸ್ಟನ್‌ನಲ್ಲಿ 97ಕ್ಕೆ ವೆಸ್ಟ್ ಇಂಡೀಸ್‌ನ ಸುಲೇಮಾನ್ ಬೆನ್ ಎಸೆತವನ್ನೂ ಎತ್ತಿ ಹೊಡೆಯಲು ಹೋಗಿ ಕ್ಯಾಚ್. 2010ರ ಮಾರ್ಚ್‌ನಲ್ಲಿ ಚಿತ್ತಗಾಂಗ್‌ನಲ್ಲಿ 99ಕ್ಕೆ ಅಬ್ದುರ್ ರಜಾಕ್ ಅವರಿಗೆ ಬೌಲ್ಡ್. ಮೂವರೂ ಎಡಗೈ ಸ್ಪಿನ್ನರ್‌ಗಳು, ಮೂರು ಸಲವೂ ಶತಕದ ಹೊಸ್ತಿಲು. ಪತ್ರಿಕೆಗಳಿಗೆ ಇಷ್ಟು ಸಾಕಾಯಿತು. ಆದರೆ ಮೊದಲೆರಡು ಔಟುಗಳಲ್ಲಿ ಕಾಲಿನದೇನೂ ತಪ್ಪಿರಲಿಲ್ಲ. 94ರಲ್ಲೂ 97ರಲ್ಲೂ ಸಿಕ್ಸರ್‌ನಿಂದಲೇ ಶತಕ ಮುಟ್ಟುವ ಹಟ ಅದು. ನಿಜವಾದ ತಾಂತ್ರಿಕ ದೋಷ ಕಾಣಿಸಿದ್ದು ಬಾಂಗ್ಲಾದೇಶದ ಆ ಪ್ರವಾಸದಲ್ಲಿ. ಅಲ್ಲಿ ಶಕೀಬ್ ಮತ್ತು ರಜಾಕ್ ಒಂದೇ ಜಾಗದಲ್ಲಿ ಚೆಂಡು ಹಾಕುತ್ತಿದ್ದರೆ ಪೀಟರ್ಸನ್ ಅವರ ಮುಂಗಾಲು ಪ್ರತಿ ಸಲ ಒಂದೇ ಕಡೆ ಹೋಗಿ ನೆಟ್ಟುಕೊಳ್ಳುತ್ತಿತ್ತು.

ಆ ದೋಷ ಏನು, ಅದು ಯಾಕೆ ಬರುತ್ತದೆ ಎನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಿಮ್ಮ ಮಗನಿಗೆ ಬೇಕಾಗಿರುವುದು ಇದೇ.

ಎಡಗೈ ಸ್ಪಿನ್ನರ್ ಸಾಮಾನ್ಯವಾಗಿ ರೌಂಡ್ ದ ವಿಕೆಟ್ ಬರುತ್ತಾನೆ, ಅಂದರೆ ಚೆಂಡು ಹಾಕುವ ಕೈ ಸ್ಟಂಪಿನಿಂದ ದೂರದ ಬದಿಗಿರುತ್ತದೆ. ಅವನ ಕೈಯಿಂದ ಬಿಟ್ಟ ಚೆಂಡು ಬಲಗೈ ಬ್ಯಾಟ್ಸ್‌ಮನ್‌ಗೆ ಆಫ್ ಕಡೆಯಿಂದ ಓರೆಯಾಗಿ ಒಳಗೆ ಬರುತ್ತದೆ, ಪಿಚ್ ಆದಮೇಲೆ ಹೊರಗೆ ತಿರುಗುತ್ತದೆ. ಕೆಲವು ಚೆಂಡು ತಿರುಗುವುದೇ ಇಲ್ಲ, ಬಂದ ಓರೆಯಲ್ಲೇ ನೇರ ಒಳಗೆ ನುಗ್ಗುತ್ತವೆ. ಬ್ಯಾಟ್ಸ್‌ಮನ್ ಚೆಂಡು ಪಿಚ್ ಆಗುವ ಮೊದಲೇ ಮುಂಗಾಲನ್ನು ಆಫ್ ಸ್ಟಂಪಿನ ಕಡೆಗೆ ಅಡ್ಡವಾಗಿ ನೆಟ್ಟರೆ ಅವನು ಸಿಕ್ಕಿಬಿದ್ದಂತೆ. ಬ್ಯಾಟು ಈಗ ಪ್ಯಾಡನ್ನು ಬಳಸಿಕೊಂಡು ಬರಬೇಕು, ಅಷ್ಟರಲ್ಲಿ ತಡವಾಗಿರುತ್ತದೆ. ಚೆಂಡು ನೇರ ಬಂದರೆ ಪ್ಯಾಡಿಗೆ ಬಡಿದು ಎಲ್‌ಬಿಡಬ್ಲ್ಯು. ತಿರುಗಿದರೆ ಬ್ಯಾಟಿನ ಹೊರ ಅಂಚನ್ನು ದಾಟಿ ಆಫ್ ಸ್ಟಂಪು. ಮೂರು ಸ್ಟಂಪುಗಳ ಒಟ್ಟು ಅಗಲ 22.86 ಸೆಂ.ಮೀ. ಅಷ್ಟೆ. ಒಂದು ಬೂಟಿನ ಅಗಲದಷ್ಟು ಕಾಲು ಅಡ್ಡ ಹೋದರೂ ಅರ್ಧ ವಿಕೆಟ್ ನಿಮ್ಮ ಕಾಲಿನ ಹಿಂದೆಯೇ ಇರುತ್ತದೆ.

ಎತ್ತರದವರಿಗೆ ಇದು ಯಾಕೆ ಹೆಚ್ಚು? ಪೀಟರ್ಸನ್ ಆರಡಿ ನಾಲ್ಕಿಂಚು. ಅವರ ಒಂದು ಹೆಜ್ಜೆ ಬೇರೆಯವರ ಒಂದೂವರೆ ಹೆಜ್ಜೆ. ವೇಗದ ಬೌಲರ್ ಎದುರೂ ಆಫ್ ಸ್ಪಿನ್ನರ್ ಎದುರೂ ಆ ದೊಡ್ಡ ಹೆಜ್ಜೆ ದೊಡ್ಡ ಆಸ್ತಿ. ಚೆಂಡು ತಿರುಗುವ ಮೊದಲೇ ಅದರ ಮೇಲೆ ಹೋಗಿ ಬೀಳಬಹುದು. ಲಾಭ ಕೊಟ್ಟ ಹೆಜ್ಜೆ ಅಭ್ಯಾಸವಾಗುತ್ತದೆ, ಅಭ್ಯಾಸ ಚೆಂಡನ್ನು ನೋಡುವ ಮೊದಲೇ ಕಾಲನ್ನು ಕಳಿಸುತ್ತದೆ. ನಿಮ್ಮ ಮಗ ವೇಗದ ಬೌಲರ್‌ಗಳನ್ನು ಚೆನ್ನಾಗಿ ಆಡುತ್ತಾನೆ ಅಂದಿರಲ್ಲ, ಬಹುಶಃ ಅದೇ ಹೆಜ್ಜೆ ಇಲ್ಲಿ ಅವನನ್ನು ಕೆಡವುತ್ತಿದೆ.

ಕಾಲವೂ ಬದಲಾಯಿತು. ಹಿಂದೆ ಕಾಲು ಉದ್ದಕ್ಕೆ ಚಾಚಿದವನಿಗೆ ಅಂಪೈರ್ ಎಲ್‌ಬಿಡಬ್ಲ್ಯು ಕೊಡಲು ಹಿಂಜರಿಯುತ್ತಿದ್ದರು. ಪ್ಯಾಡ್ ಎರಡನೇ ಬ್ಯಾಟ್ ಆಗಿತ್ತು. 2008ರಲ್ಲಿ ಭಾರತ–ಶ್ರೀಲಂಕಾ ಟೆಸ್ಟ್ ಸರಣಿಯಲ್ಲಿ ಪ್ರಯೋಗಕ್ಕೆ ಬಂದ ಡಿಆರ್‌ಎಸ್ (ಅಂಪೈರ್ ತೀರ್ಪನ್ನು ವಿಡಿಯೊ ನೋಡಿ ಮರುಪರಿಶೀಲಿಸುವ ವ್ಯವಸ್ಥೆ), ಅಂಥ ಎಷ್ಟೋ ಚೆಂಡು ನೇರ ಸ್ಟಂಪಿಗೇ ಹೋಗುತ್ತಿದ್ದವು ಎಂದು ಪರದೆಯ ಮೇಲೆ ತೋರಿಸಿಬಿಟ್ಟಿತು. ಆಮೇಲೆ ಅಂಪೈರ್‌ಗಳ ಕಣ್ಣೇ ಬದಲಾಯಿತು. ನಿಮ್ಮ ಲೀಗ್‌ನಲ್ಲಿ ಡಿಆರ್‌ಎಸ್ ಇಲ್ಲದಿದ್ದರೂ ಬೆರಳು ಎತ್ತುವವರು ಅದನ್ನು ಟಿವಿಯಲ್ಲಿ ನೋಡಿದವರೇ.

ಈಗ ದ್ರಾವಿಡ್ ಇಮೇಲ್. ಅದು ನಿಜ. 2009ರ ಹರಾಜಿನಲ್ಲಿ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ 15.5 ಲಕ್ಷ ಡಾಲರ್ ಕೊಟ್ಟು ಪೀಟರ್ಸನ್ ಅವರನ್ನು ಕೊಂಡಿತ್ತು. ಆ ವರ್ಷ ದಕ್ಷಿಣ ಆಫ್ರಿಕಾದಲ್ಲಿ ನಡೆದ ಐಪಿಎಲ್‌ನ ಮೊದಲ ಆರು ಪಂದ್ಯಗಳಿಗೆ ಅವರೇ ನಾಯಕ. ಅವರು ದೇಶದ ತಂಡಕ್ಕೆ ವಾಪಸಾದ ಮೇಲೆ ಅನಿಲ್ ಕುಂಬ್ಳೆ ತಂಡವನ್ನು ಫೈನಲ್‌ವರೆಗೆ ಒಯ್ದರು. ಅದೇ ತಂಡದಲ್ಲಿ ರಾಹುಲ್ ದ್ರಾವಿಡ್ ಇದ್ದರು. ಬಾಂಗ್ಲಾದೇಶದಲ್ಲಿ ಒದ್ದಾಡಿದ ಪೀಟರ್ಸನ್ ಕೇಳಿದ್ದು ಅವರನ್ನೇ. ಬಂದ ಉತ್ತರವನ್ನು ಪೀಟರ್ಸನ್ 2014ರ ತಮ್ಮ ಆತ್ಮಕಥೆಯಲ್ಲಿ ಪ್ರಕಟಿಸಿದರು.

ಅದರಲ್ಲಿ ಮಂತ್ರವೇನೂ ಇಲ್ಲ. ನೆಟ್ಸ್‌ನಲ್ಲಿ ನಿಮ್ಮದೇ ತಂಡದ ಸ್ಪಿನ್ನರ್‌ಗಳಾದ ಸ್ವಾನ್ ಮತ್ತು ಪನೇಸರ್ ಅವರನ್ನು ಪ್ಯಾಡ್ ಇಲ್ಲದೆ, ಇಲ್ಲವೇ ಮೊಣಕಾಲಿಗಷ್ಟೇ ರಕ್ಷಣೆ ಕಟ್ಟಿಕೊಂಡು ಆಡು; ಪಂದ್ಯದ ಹಿಂದಿನ ದಿನ ಮಾತ್ರ ಬೇಡ. ಪ್ಯಾಡ್ ಇಲ್ಲದಿದ್ದಾಗ ಕಾಲು ತಾನಾಗಿ ಮುಂದೆ ಚಾಚುವುದಿಲ್ಲ, ಬ್ಯಾಟು ಕಾಲಿಗಿಂತ ಮುಂದೆ ಬರಲೇಬೇಕಾಗುತ್ತದೆ, ಕಣ್ಣು ಚೆಂಡನ್ನು ಬಿಡುವುದಿಲ್ಲ. ಬೌಲರ್ ಕೈಯಿಂದಲೇ ಲೆಂತ್ ಗುರುತಿಸು. ನಿನ್ನ ಆಟದ ಮೇಲೆ ನಂಬಿಕೆ ಇಡು. ತಾತ್ಪರ್ಯ ಇಷ್ಟೆ. ಹೊಡೆಯಬೇಡ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ ಎನ್ನುವುದನ್ನು ನಿಮ್ಮ ಕೋಚ್ ಗಮನಿಸಲಿ. ರಕ್ಷಣೆ ಗಟ್ಟಿಯಾದವನಿಗೆ ಹೊಡೆಯುವ ಚೆಂಡನ್ನು ಕಾಯುವಷ್ಟು ಪುರುಸೊತ್ತು ಸಿಗುತ್ತದೆ.

ಆದರೆ ಓದಿದರೆ ಸಾಕು ಎಂಬ ನಿಮ್ಮ ಮಗನ ವಾದ ತಪ್ಪು. ಇಮೇಲ್ ಬಂದದ್ದು 2010ರಲ್ಲಿ. 2012ರ ನವೆಂಬರ್‌ನಲ್ಲಿ ಅಹಮದಾಬಾದ್ ಟೆಸ್ಟಿನಲ್ಲಿ ಪೀಟರ್ಸನ್ ಗಳಿಸಿದ್ದು 17 ಮತ್ತು 2. ಎರಡೂ ಸಲ ಭಾರತದ ಎಡಗೈ ಸ್ಪಿನ್ನರ್ ಪ್ರಗ್ಯಾನ್ ಓಝಾ, ಎರಡೂ ಸಲ ಬೌಲ್ಡ್. ಎರಡನೆಯದು ಇನಿಂಗ್ಸ್‌ನ ಆರಂಭದಲ್ಲೇ ಸ್ವೀಪ್ ಮಾಡಲು ಹೋಗಿ. ಹಳೆಯ ರೋಗ ಹಾಗೇ ಮರುಕಳಿಸಿತ್ತು. ಆ ಟೆಸ್ಟ್ ಮುಗಿದದ್ದು 19ಕ್ಕೆ, ವಾಂಖೆಡೆಯಲ್ಲಿ ಮುಂದಿನ ಟೆಸ್ಟ್ ಶುರುವಾದದ್ದು 23ಕ್ಕೆ. ಮೊದಲ ದಿನದಿಂದಲೇ ತಿರುಗುತ್ತಿದ್ದ ಪಿಚ್‌ನಲ್ಲಿ, ಅದೇ ಓಝಾ ಎದುರು, 233 ಎಸೆತಗಳಲ್ಲಿ 186: 20 ಬೌಂಡರಿ, 4 ಸಿಕ್ಸರ್. ಇಂಗ್ಲೆಂಡ್ ಹತ್ತು ವಿಕೆಟ್‌ಗಳಿಂದ ಗೆದ್ದಿತು. 1984–85ರ ನಂತರ ಮೊದಲ ಬಾರಿಗೆ ಭಾರತದಲ್ಲಿ ಸರಣಿಯನ್ನೂ ಗೆದ್ದಿತು. ಭಾರತದ ನೆಲದಲ್ಲಿ ವಿದೇಶಿ ಬ್ಯಾಟ್ಸ್‌ಮನ್ ಆಡಿದ ಅತ್ಯುತ್ತಮ ಇನಿಂಗ್ಸ್‌ಗಳ ಸಾಲಿನಲ್ಲಿ ನಾನು ಅದನ್ನು ಇಡುತ್ತೇನೆ, ಸಂಕೋಚವಿಲ್ಲದೆ. ನಿಮ್ಮ ಮಗ ಸ್ವಿಚ್ ಹಿಟ್‌ನ ತುಣುಕುಗಳನ್ನು ಬಿಟ್ಟು ಈ ಎರಡು ಟೆಸ್ಟ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಲಿ. ಮುಂಗಾಲು ಯಾವಾಗ ನೆಲ ಮುಟ್ಟುತ್ತದೆ ಎಂಬುದೊಂದನ್ನೇ ನೋಡಲಿ.

ಮನೆಯಲ್ಲಿ ಮೊದಲು ಒಂದು ಕೆಲಸ ಮಾಡಿ. ಅವನ ಎಡಗಾಲಿನ ಪ್ಯಾಡ್ ತೆಗೆದು ಬೆಳಕಿನಲ್ಲಿ ಹಿಡಿಯಿರಿ. ಮೊಣಕಾಲಿನ ಕೆಳಗೆ, ನಟ್ಟನಡುವಿನ ಪಟ್ಟಿಗಳ ಮೇಲೆ ಕೆಂಪು ಗುರುತುಗಳು ಗುಂಪಾಗಿ ಕೂತಿದ್ದರೆ ಅನುಮಾನ ಬಲವಾಗುತ್ತದೆ. ಆಮೇಲೆ ನೆಟ್ಸ್‌ನಲ್ಲಿ ಫೋನನ್ನು ಬೌಲರ್ ಹಿಂದೆ, ಸ್ಟಂಪಿನ ಎತ್ತರಕ್ಕೆ ಇಟ್ಟು ಎಡಗೈ ಸ್ಪಿನ್ನರ್‌ನ 30 ಚೆಂಡುಗಳನ್ನು ಚಿತ್ರೀಕರಿಸಿ. ಚೆಂಡು ಪಿಚ್ ಆದ ಕ್ಷಣದಲ್ಲಿ ವಿಡಿಯೊ ನಿಲ್ಲಿಸಿ. ಮುಂಗಾಲು ಆಗಲೇ ಊರಿದ್ದರೆ, ಬೆರಳು ಮಿಡಲ್ ಸ್ಟಂಪಿನ ಗೆರೆ ದಾಟಿ ಆಫ್ ಕಡೆ ಹೋಗಿದ್ದರೆ, ಎಷ್ಟು ಚೆಂಡಿಗೆ ಹಾಗಾಯಿತು ಅಂತ ಎಣಿಸಿ. 30ರಲ್ಲಿ ಹತ್ತು ದಾಟಿದರೆ ಅದು ಅಭ್ಯಾಸ. ಮೂರೋ ನಾಲ್ಕೋ ಆದರೆ ತಲೆ ಕೆಡಿಸಿಕೊಳ್ಳುವುದು ಬೇಡ.

ಅಭ್ಯಾಸವೇ ಆಗಿದ್ದರೆ ಆರು ವಾರ, ವಾರಕ್ಕೆ ಮೂರು ದಿನ, ದಿನಕ್ಕೆ 48 ಚೆಂಡು. ಹನ್ನೆರಡರಂತೆ ನಾಲ್ಕು ಸುತ್ತು, ನಡುವೆ ಎರಡು ನಿಮಿಷ ವಿಶ್ರಾಂತಿ. ಇದಕ್ಕಿಂತ ಹೆಚ್ಚು ಬೇಡ, ದಣಿದ ಕಾಲು ಹಳೆಯ ದಾರಿಯನ್ನೇ ಹಿಡಿಯುತ್ತದೆ. ಮಿಡಲ್ ಸ್ಟಂಪಿನಿಂದ ನೇರ ಮುಂದಕ್ಕೆ ಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಆ ಗೆರೆಯನ್ನು ದಾಟದೆ ಕಾಲು ಚೆಂಡಿನ ಪಕ್ಕಕ್ಕೆ ಹೋಗಬೇಕು, ಬ್ಯಾಟು ಪ್ಯಾಡಿನ ಮುಂದೆ ಬರಬೇಕು. ಮೊದಲ ಎರಡು ವಾರ ಪ್ಯಾಡ್ ಇಲ್ಲ, ಆದರೆ ಚೆಂಡು ಟೆನಿಸ್ ಬಾಲ್. ಮೂರನೇ ವಾರದಿಂದ ಲೆದರ್ ಬಾಲ್, 10–12 ಮೀಟರ್ ದೂರದಿಂದ ಕೆಳಗೈಯಲ್ಲಿ ನಿಧಾನವಾಗಿ ಎಸೆದದ್ದು; ಕಾಲಿಗೆ ಫುಟ್‌ಬಾಲ್ ಆಡುವವರು ಹಾಕುವ ಶಿನ್ ಗಾರ್ಡ್ ಇರಲಿ. ಐದನೇ ವಾರದಿಂದ ಪ್ಯಾಡ್ ಕಟ್ಟಿ ನಿಜವಾದ ಬೌಲರ್. ಹೆಲ್ಮೆಟ್, ಗ್ಲೌಸ್, ಗಾರ್ಡ್ ಮೊದಲ ದಿನದಿಂದಲೂ ಕಡ್ಡಾಯ. ದ್ರಾವಿಡ್ ಹೇಳಿದ್ದು ಟೆಸ್ಟ್ ಆಟಗಾರನಿಗೆ. 16ರ ಹುಡುಗನಿಗೆ ಮೊದಲ ದಿನವೇ ಪ್ಯಾಡ್ ಇಲ್ಲದೆ ಲೆದರ್ ಬಾಲ್ ಆಡಿಸಿದರೆ ಮೂಳೆಗೆ ಪೆಟ್ಟು ಬೀಳುತ್ತದೆ, ಭಯ ಕೂತುಬಿಡುತ್ತದೆ.

ಮನಸ್ಸಿನಲ್ಲಿ ಇಡಬೇಕಾದ ಸೂತ್ರ ಒಂದೇ: ನೇರ ಬರುವ ಚೆಂಡಿಗೆ ಆಡು, ತಿರುಗಿದ್ದು ಅಂಚು ತಪ್ಪಿಸಿಕೊಂಡು ಹೋದರೆ ಹೋಗಲಿ. ಬ್ಯಾಟ್ ದಾಟಿ ಹೋದ ಚೆಂಡಿಗೆ ಸ್ಕೋರ್ ಪುಸ್ತಕದಲ್ಲಿ ಬೀಳುವುದು ಒಂದು ಚುಕ್ಕೆ ಮಾತ್ರ. ಅದಕ್ಕೆ ನಾಚಿ ಹುಡುಗರು ತಿರುವಿನ ಹಿಂದೆ ಕೈ ಚಾಚುತ್ತಾರೆ, ಅಲ್ಲಿ ಸ್ಲಿಪ್‌ಗೆ ಕ್ಯಾಚ್.

ಎಡವಟ್ಟಾಗುವುದು ಎರಡು ಕಡೆ. ಪ್ಯಾಡ್ ಇಲ್ಲದ ಹೆದರಿಕೆಗೆ ಹಿಂಗಾಲು ಸ್ಕ್ವೇರ್ ಲೆಗ್ ಕಡೆ ಸರಿಯುತ್ತದೆ. ಹಿಮ್ಮಡಿಯ ಪಕ್ಕ ಲೆಗ್ ಕಡೆಗೆ ಒಂದು ಹಳೆಯ ಬೂಟು ಇಡಿ, ತಗುಲಿದರೆ ಆ ಚೆಂಡು ಲೆಕ್ಕಕ್ಕಿಲ್ಲ. ಇನ್ನೊಂದು, ಮುಂಗಾಲು ಅಡ್ಡ ಹೋಗಬಾರದು ಅಂದದ್ದನ್ನು ಮುಂದೆಯೇ ಹೋಗಬಾರದು ಅಂತ ತಿಳಿದು ಕ್ರೀಸಿನಲ್ಲೇ ನಿಂತು ಬರೀ ಕೈ ಚಾಚುವುದು. ತಲೆ ಮುಂಗಾಲಿನ ಮೇಲೆ ಬಂದಿದೆಯೇ ಎಂದು ಪಕ್ಕದಿಂದ ನೋಡಿ. ಮ್ಯಾಟ್ ಮೇಲೆ ಆಡುವವರಿಗೆ ಇನ್ನೊಂದು ಮಾತು: ಅಲ್ಲಿ ಪುಟಿತ ಹೆಚ್ಚು, ಸ್ವಲ್ಪ ಗಿಡ್ಡಗೆ ಬಿದ್ದ ಚೆಂಡಿಗೂ ಮುಂದೆ ಹೋದರೆ ಗ್ಲೌಸಿಗೆ ಬಡಿಯುತ್ತದೆ. ಹಿಂದಕ್ಕೆ ಪೂರ್ತಿ ಹೋಗುವುದನ್ನೂ ಜೊತೆಜೊತೆಗೇ ಕಲಿಸಬೇಕು.

ಸ್ವಿಚ್ ಹಿಟ್ ವಿಷಯ. ಅದು ಮೋಸ, ನಿಯಮಬಾಹಿರ ಎಂದು ಈಗಲೂ ಹೇಳುವವರಿದ್ದಾರೆ. ಅಲ್ಲ. 2008ರ ಜೂನ್ 15ರಂದು ಚೆಸ್ಟರ್-ಲೆ-ಸ್ಟ್ರೀಟ್‌ನಲ್ಲಿ ನ್ಯೂಜಿಲೆಂಡ್‌ನ ಸ್ಕಾಟ್ ಸ್ಟೈರಿಸ್ ಅವರ ಮಧ್ಯಮ ವೇಗದ ಬೌಲಿಂಗ್‌ಗೆ ಪೀಟರ್ಸನ್ ಎಡಗೈ ಬ್ಯಾಟ್ಸ್‌ಮನ್ ಆಗಿ ತಿರುಗಿ ನಿಂತು ಎರಡು ಸಿಕ್ಸರ್ ಹೊಡೆದರು, ಆ ಪಂದ್ಯದಲ್ಲಿ ಔಟಾಗದೆ 110. ಎರಡೇ ದಿನದಲ್ಲಿ, ಕ್ರಿಕೆಟ್ ನಿಯಮಗಳನ್ನು ರೂಪಿಸುವ ಎಂಸಿಸಿ ಕ್ಲಬ್ ಅದು ನಿಯಮಬದ್ಧ ಎಂದಿತು. ರಿವರ್ಸ್ ಸ್ವೀಪ್‌ನಲ್ಲಿ ಹಿಡಿತ ಬದಲಾಗುವುದಿಲ್ಲ, ಇಲ್ಲಿ ಕೈ ಕಾಲು ಎರಡೂ ಅದಲುಬದಲಾಗುತ್ತವೆ. ಬೌಲರ್ ಓಟ ಶುರುಮಾಡಿದಾಗ ನೀವು ನಿಂತಿದ್ದ ರೀತಿಯೇ ಎಲ್‌ಬಿಡಬ್ಲ್ಯುಗೆ ಆಫ್, ಲೆಗ್ ಯಾವುದೆಂದು ತೀರ್ಮಾನಿಸುತ್ತದೆ. ಹಾಗಾಗಿ ಮೂಲ ಲೆಗ್ ಸ್ಟಂಪಿನ ಹೊರಗೆ ಬಿದ್ದ ಚೆಂಡಿಗೆ ಎಲ್‌ಬಿಡಬ್ಲ್ಯು ಇಲ್ಲ. ಬೌಲರ್‌ಗಳ ಸಿಟ್ಟಿಗೆ ಕಾರಣ ಅದೇ. ಆ ಸಿಟ್ಟಿನಲ್ಲಿ ನ್ಯಾಯವಿದೆ ಎಂದು ನನಗೂ ಅನಿಸುತ್ತದೆ.

ನಿಯಮ ಏನೇ ಇರಲಿ, ನಿಮ್ಮ ಮಗ ಅದನ್ನು ಹೊಡೆಯುತ್ತಿರುವ ಕಾರಣ ಬೇರೆ. ಸರಿಯಾದ ಬದಿಯಲ್ಲಿ ನಿಂತು ಆ ಬೌಲರ್‌ನಿಂದ ರನ್ ಸಿಗುತ್ತಿಲ್ಲ, ಅದಕ್ಕೆ ಬದಿ ಬದಲಿಸುತ್ತಿದ್ದಾನೆ. ಪೀಟರ್ಸನ್ ಅದನ್ನು ಆಡಿದ್ದು ರನ್ ಹರಿಯುತ್ತಿದ್ದಾಗ, ಕ್ಷೇತ್ರದಲ್ಲಿ ಖಾಲಿ ಜಾಗ ಗುರುತಿಸಿ. ಆರು ವಾರ ಪಂದ್ಯದಲ್ಲಿ ಅದು ಬೇಡ. ನೆಟ್ಸ್‌ನಲ್ಲಿ ವಾರಕ್ಕೆ ಹನ್ನೆರಡು ಚೆಂಡು ಆಡಲಿ, ಪೂರ್ತಿ ನಿಲ್ಲಿಸಿದರೆ ಹುಡುಗನ ಉತ್ಸಾಹವೂ ಇಳಿದುಹೋಗುತ್ತದೆ.

ಇನ್ನು ಕೋಚ್ ಹೇಳಿದ ದೊಡ್ಡ ಮಾತು: ಎಡಗೈ ಸ್ಪಿನ್ ಪೀಟರ್ಸನ್ ಅವರನ್ನು ಮುಗಿಸಿತು. ಲೆಕ್ಕ ನೋಡಿ. 104 ಟೆಸ್ಟ್, 8,181 ರನ್, ಸರಾಸರಿ 47.28, 23 ಶತಕ. 2005ರಲ್ಲಿ ಆಸ್ಟ್ರೇಲಿಯಾ ವಿರುದ್ಧದ ಆ್ಯಷಸ್‌ನಲ್ಲಿ ಆಡಿದ ಮೊದಲ ಸರಣಿಯಲ್ಲೇ 473 ರನ್, ಎರಡೂ ತಂಡ ಸೇರಿಸಿ ಅತಿ ಹೆಚ್ಚು. ಓವಲ್‌ನ ಕೊನೆಯ ದಿನದ 158 ಇಂಗ್ಲೆಂಡಿಗೆ ಸರಣಿ ಉಳಿಸಿಕೊಟ್ಟಿತು. 2010ರ ಟಿ20 ವಿಶ್ವಕಪ್‌ನಲ್ಲಿ ಟೂರ್ನಿಯ ಶ್ರೇಷ್ಠ ಆಟಗಾರ. ಕೊನೆಯ ಸರಣಿ, ಆಸ್ಟ್ರೇಲಿಯಾದಲ್ಲಿ 0–5ರಿಂದ ಸೋತ 2013–14ರ ಆ್ಯಷಸ್‌ನಲ್ಲೂ ಇಂಗ್ಲೆಂಡ್ ಪರ ಅತಿ ಹೆಚ್ಚು ರನ್ ಅವರದೇ, 294. ಅದಾದ ಮೇಲೆ 2014ರ ಫೆಬ್ರುವರಿಯಲ್ಲಿ ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಅವರನ್ನು ಕೈಬಿಟ್ಟಿತು.

ಮುರಿದದ್ದು ನಂಬಿಕೆ, ಒಮ್ಮೆಯಲ್ಲ. ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲಿ ಹುಟ್ಟಿ, ಮೀಸಲಾತಿ ನೀತಿಯನ್ನು ದೂರಿ ಊರು ಬಿಟ್ಟವರು. ತಾಯಿ ಇಂಗ್ಲೆಂಡಿನವರು, ನಾಲ್ಕು ವರ್ಷ ಅಲ್ಲಿನ ಕೌಂಟಿ (ದೇಶೀಯ) ಕ್ರಿಕೆಟ್ ಆಡಿ ಇಂಗ್ಲೆಂಡ್ ತಂಡಕ್ಕೆ ಅರ್ಹತೆ ಪಡೆದರು. ದ್ರೋಹಿ ಎಂಬ ಕೂಗನ್ನು ಹುಟ್ಟಿದ ದೇಶದಲ್ಲಿ ಕೇಳಿಸಿಕೊಂಡರು. ನಾಯಕತ್ವ ಸಿಕ್ಕಿದ್ದು 2008ರ ಆಗಸ್ಟ್‌ನಲ್ಲಿ. ಕೋಚ್ ಪೀಟರ್ ಮೂರ್ಸ್ ಜೊತೆ ಹೊಂದಿಕೆಯಾಗದೆ 2009ರ ಜನವರಿ 7ರಂದು ಇಬ್ಬರೂ ಹುದ್ದೆ ಕಳೆದುಕೊಂಡರು. 2012ರಲ್ಲಿ ಹೆಡಿಂಗ್ಲೆಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 149 ಬಾರಿಸಿದ ಅದೇ ಟೆಸ್ಟ್‌ನ ಕೊನೆಗೆ ಡ್ರೆಸಿಂಗ್ ರೂಮಿನಲ್ಲಿ ತಾನಾಗಿರುವುದು ಕಷ್ಟ ಎಂದು ಪತ್ರಕರ್ತರ ಮುಂದೆ ಹೇಳಿದರು. ಎದುರಾಳಿ ತಂಡದವರಿಗೆ ಫೋನಿನಲ್ಲಿ ಸಂದೇಶ ಕಳಿಸಿದ್ದು ಬಯಲಾಯಿತು. ಮುಂದಿನ ಟೆಸ್ಟ್‌ಗೆ ತಂಡದಲ್ಲಿ ಜಾಗವಿರಲಿಲ್ಲ. ಇತ್ತ ಅವರ ಹೆಸರಿನಲ್ಲಿ ಅಣಕದ ಟ್ವಿಟರ್ ಖಾತೆಯೊಂದು ನಡೆಯುತ್ತಿತ್ತು, ತಂಡದವರೇ ಅದನ್ನು ಓದಿ ನಗುತ್ತಿದ್ದಾರೆ ಎಂಬ ನೋವು ಅವರಿಗಿತ್ತು. 2015ರ ಮೇನಲ್ಲಿ ಸರ್ರೆ ಪರ ಔಟಾಗದೆ 355 ಹೊಡೆದರೂ, ಆಗಷ್ಟೇ ಇಂಗ್ಲೆಂಡ್ ಕ್ರಿಕೆಟ್‌ನ ನಿರ್ದೇಶಕರಾಗಿದ್ದ ಅವರ ಹಳೆಯ ನಾಯಕ ಆ್ಯಂಡ್ರೂ ಸ್ಟ್ರಾಸ್ ಬಾಗಿಲು ತೆರೆಯಲಿಲ್ಲ. ಕಾರಣ ಕೇಳಿದವರಿಗೆ ಹೇಳಿದ್ದೂ ನಂಬಿಕೆಯ ಮಾತನ್ನೇ. ಇದರಲ್ಲಿ ಪೀಟರ್ಸನ್ ಅವರ ಪಾಲು ದೊಡ್ಡದು, ತಂಡ ನಡೆಸಿದವರ ಪಾಲೂ ಸಣ್ಣದಲ್ಲ ಎನ್ನುವುದು ನನ್ನ ಅಭಿಪ್ರಾಯ.

ಹಾಗಾಗಿ ಹೇಳಿದ್ದು ಕೇಳುತ್ತಿರಲಿಲ್ಲ ಎನ್ನುವುದು ಬ್ಯಾಟಿಂಗ್ ಮಟ್ಟಿಗೆ ಸುಳ್ಳು. ಆಟದ ವಿಷಯದಲ್ಲಿ ಅವರು ಕೇಳಿದರು, ಅದೂ ಬೇರೆ ದೇಶದ ಆಟಗಾರನನ್ನು. ಮನಸ್ತಾಪವನ್ನು ಯಾರ ಜೊತೆ ಇತ್ತೋ ಅವರ ಮುಂದೆ ಕೂತು ಬಗೆಹರಿಸಿಕೊಳ್ಳುವುದು ಮಾತ್ರ ಆಗಲಿಲ್ಲ.

ನಿಮ್ಮ ಮುಂದಿರುವ ದಾರಿಗಳಲ್ಲಿ, ಹೀಗೇ ಬಿಟ್ಟರೆ ಮುಂದಿನ ವರ್ಷ ಪ್ರತಿ ತಂಡವೂ ಅವನು ಕ್ರೀಸಿಗೆ ಬಂದ ತಕ್ಷಣ ಎಡಗೈ ಸ್ಪಿನ್ನರ್ ಕೈಗೆ ಚೆಂಡು ಕೊಡುತ್ತದೆ. ಜಿಲ್ಲಾ ಮಟ್ಟದಲ್ಲಿ ಇಂಥ ಸುದ್ದಿ ಬೇಗ ಹರಡುತ್ತದೆ. ಆಟವನ್ನೇ ಬದಲಿಸಿ ಬರೀ ತಡೆಯುವವನನ್ನಾಗಿ ಮಾಡಿದರೆ ಎಲ್‌ಬಿಡಬ್ಲ್ಯು ಕಮ್ಮಿಯಾಗಬಹುದು, ಆದರೆ ವೇಗದ ಬೌಲರ್‌ಗಳ ಎದುರು ಈಗಿರುವ ಧೈರ್ಯವೂ ಹೋಗುತ್ತದೆ. ಅಕಾಡೆಮಿ ಬದಲಿಸಿದರೆ ಕಾಲು ಜೊತೆಯಲ್ಲೇ ಬರುತ್ತದೆ. ಕಾಲನ್ನು ತಿದ್ದಿ ಕೈಯನ್ನು ಹಾಗೇ ಬಿಡುವುದೇ ಸರಿ. ಇದರಲ್ಲೂ ಅಪಾಯವಿದೆ: ಎರಡನೇ, ಮೂರನೇ ವಾರದಲ್ಲಿ ರನ್ ಇನ್ನೂ ಕಡಿಮೆಯಾಗುತ್ತದೆ, ಹೊಸದು ಕೂತಿರುವುದಿಲ್ಲ, ಹಳೆಯದು ಬಿಟ್ಟಿರುತ್ತದೆ. ಆಯ್ಕೆ ಪಂದ್ಯಗಳು ಹತ್ತಿರವಿದ್ದರೆ ಅವು ಮುಗಿದ ಮೇಲೇ ಶುರುಮಾಡಿ.

ಶುರುಮಾಡುವ ಮೊದಲು 30 ಚೆಂಡಿನ ವಿಡಿಯೊ ಹಿಡಿದು ಹುಡುಗನೇ ಕೋಚ್ ಹತ್ತಿರ ಹೋಗಲಿ, ನೀವು ಹೋಗಬೇಡಿ. 'ಸರ್, ಕಾಲು ಇಲ್ಲಿ ಹೋಗುತ್ತಿದೆ, ಆರು ವಾರ ಇದನ್ನು ಮಾಡಲೇ?' ಎಂದು ಕೇಳಲಿ. ಎಲ್ಲರ ಮುಂದೆ ಬೈಯುವ ಕೋಚ್ ಕೂಡ ವಿಡಿಯೊ ಮುಂದೆ ಕಾಲಿನ ಬಗ್ಗೆಯೇ ಮಾತಾಡಬೇಕಾಗುತ್ತದೆ. ಹುಡುಗನಿಗೆ ಕೋಚ್ ಮೇಲೆ ಬೇಸರವಿದ್ದರೆ ಅದನ್ನೂ ಅಲ್ಲೇ ಹೇಳಲಿ, ತಂಡದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೇಡ.

ಆರನೇ ವಾರ ಪ್ಯಾಡನ್ನು ಚೆನ್ನಾಗಿ ಒರೆಸಿ, ಬಿಳಿ ಬಳಿದು ಪಂದ್ಯಕ್ಕೆ ಕಳಿಸಿ. ಸಂಜೆ ಬಂದ ಮೇಲೆ ರನ್ ಎಷ್ಟು ಎಂದು ಕೇಳುವ ಮೊದಲು ಎಡಗಾಲಿನ ಪ್ಯಾಡಿನ ನಡುಪಟ್ಟಿ ನೋಡಿ. ಅಲ್ಲಿ ಒಂದೋ ಎರಡೋ ಗುರುತಿದ್ದರೆ ಮುಂದಿನ ವಾರದಿಂದ ಸ್ವಿಚ್ ಹಿಟ್ ಬಗ್ಗೆ ಅವನ ಜೊತೆ ಮಾತಾಡಬಹುದು. ಮೊದಲಿನಷ್ಟೇ ಇದ್ದರೆ ಆ ವಿಡಿಯೊವನ್ನು ನನಗೆ ಕಳಿಸಿಕೊಡಿ, ಹಿಂಗಾಲನ್ನೂ ನೋಡಬೇಕಾಗುತ್ತದೆ.